ಒಳಮೈ ಹೊರಗಾದ ಡಬ್ಬಿಗಳು

ಬೀದಿಯ ತಿರುವಿನಲ್ಲಿ ಗಡಿಯಾರ ರಿಪೇರಿ ಮಾಡುವ ಅಜ್ಜನೊಬ್ಬನಿದ್ದ. ಬೀದಿಯವರ ಬಾಯಲ್ಲಿ ಅವನು ಟಿಕ್‌ಟಿಕ್ ಅಜ್ಜ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹಿಂದಿನದೆಲ್ಲ ಅಜ್ಜಿಯ ರಾಜ್ಯ. ನಡುವೆ ಒಂದು ಪರದೆ. ಪರದೆಯ ಈಚೆ ಗೋಡೆ ತುಂಬ ಗಡಿಯಾರಗಳು ತಮತಮಗೆ ತೋಚಿದ ಹೊತ್ತು ತೋರಿಸುತ್ತಿದ್ದರೂ, ಆಚೆ ಊಟದ ಹೊತ್ತು ಒಂದೇ. ಅದನ್ನು ಅಜ್ಜಿ ಹೇಳಬೇಕು.

ಅಜ್ಜನಿಗೆ ಒಂದು ಅಭ್ಯಾಸ. ಮನೆಗೆ ಬಂದ ಯಾವ ರಟ್ಟಿನ ಡಬ್ಬಿಯನ್ನೂ ಎಸೆಯಗೊಡುತ್ತಿರಲಿಲ್ಲ. ಸೋಪಿನದೋ ಔಷಧಿಯದೋ, ಅಂಟು ಬಿಡಿಸಿ, ಒಳಮೈ ಹೊರಗೆ ಬರುವಂತೆ ಮಗುಚಿ, ಮತ್ತೆ ಅಂಟಿಸುತ್ತಿದ್ದ. ಆ ಬಿಳಿ ಮೈಮೇಲೆ ಮೊಂಡು ಪೆನ್ಸಿಲಿನಿಂದ ಬರೆಯುತ್ತಿದ್ದ: ಸಣ್ಣ ತಿರುಪು, ದೊಡ್ಡ ತಿರುಪು, ಗಂಟೆ ಮುಳ್ಳು, ನಿಮಿಷದ ಮುಳ್ಳು. ಬಣ್ಣಬಣ್ಣದ ಅಕ್ಷರಗಳು ಎದುರಿಗಿದ್ದರೆ ಯಾರೋ ಕಿವಿಯ ಹತ್ತಿರ ಕೂಗಿದ ಹಾಗಾಗುತ್ತದೆ, ಕೈ ಸ್ಥಿರವಾಗಿ ನಿಲ್ಲುವುದಿಲ್ಲ ಎನ್ನುತ್ತಿದ್ದ. ಹೀಗೆ ಸೂರಿನವರೆಗೂ ಏರಿದ ಹಲಗೆಗಳ ಮೇಲೆ ಬಿಳಿ ಡಬ್ಬಿಗಳು ಒಂದಕ್ಕೊಂದು ಒತ್ತಿಕೊಂಡು ಸುಮ್ಮನೆ ಕೂತಿದ್ದವು.

ಅಜ್ಜಿಯ ಅಭ್ಯಾಸ ಬೇರೆ. ಅಂಗಡಿಯಿಂದ ಬಂದದ್ದು ಏನೇ ಇರಲಿ, ಬಿಸಿನೀರು ಮುಟ್ಟದೆ ಪರದೆ ದಾಟುವ ಹಾಗಿರಲಿಲ್ಲ. ಎಷ್ಟು ಕೈ ಮುಟ್ಟಿದೆಯೋ ಏನೋ ಎಂದು ಸೀಸೆಗಳನ್ನೆಲ್ಲ ಬಿಸಿನೀರಲ್ಲಿ ಮುಳುಗಿಸಿಡುವಳು. ಸ್ವಲ್ಪ ಹೊತ್ತಿಗೆ ಮೇಲಿನ ಚೀಟಿ ಕಳಚಿ ತೇಲುತ್ತಿತ್ತು.

"ಬಿಟ್ಟರೆ ಸೂರ್ಯನನ್ನೂ ತೊಳೆದೇ ಒಳಗೆ ಬಿಟ್ಕೋತೀಯ ನೀನು," ಎನ್ನುತ್ತಿದ್ದ ಅಜ್ಜ.

"ಒಬ್ಬರನ್ನ ಮಾತ್ರ ತೊಳೀದೆ ಬಿಟ್ಕೊಂಡೆ ನೋಡಿ, ಇವತ್ತಿಗೂ ಅನುಭವಿಸ್ತಿದೀನಿ," ಎನ್ನುತ್ತಿದ್ದಳು ಅಜ್ಜಿ.

ನಲವತ್ತು ವರ್ಷದ ಸಂಸಾರದಲ್ಲಿ ಈ ಎರಡು ಅಭ್ಯಾಸಗಳಿಂದ ಯಾರಿಗೂ ಕೇಡಾಗಿರಲಿಲ್ಲ. ಎರಡೂ ಸೇರಿ ಒಂದು ದಿನ ಮನೆಯ ಕೂಸಿಗೇ ಎದುರಾಗಿ ನಿಲ್ಲುತ್ತವೆಂದು ಯಾರು ತಾನೇ ಎಣಿಸಿಯಾರು?

ಮಗಳು, ಅವಳ ಕೂಸು ಇಬ್ಬರೂ ಆಗ ಅಲ್ಲೇ ಇದ್ದರು. ಅಳಿಯ ಕೆಲಸದ ಮೇಲೆ ದೂರ ಹೋಗಿದ್ದ. ಕೂಸಿಗೆ ಆಗಷ್ಟೇ ನಡಿಗೆ ಬಂದಿತ್ತು, ಪುಟ್ಟಿ ಎನ್ನುತ್ತಿದ್ದರು. ಹಿಂದಿನ ದಿನದಿಂದ ಪುಟ್ಟಿಗೆ ಕೆಮ್ಮು. ಹೋದ ಸಲದ ಕೆಮ್ಮಿಗೆ ತಂದಿದ್ದ ಸಿರಪ್ಪು, ಒಂದು ಚಮಚಕ್ಕೇ ಕೆಮ್ಮು ನಿಂತದ್ದರಿಂದ, ಹಾಗೇ ಉಳಿದಿತ್ತು. ಅಜ್ಜಿಯೇ ತೊಡೆಯ ಮೇಲೆ ಮಲಗಿಸಿಕೊಂಡು, ಮೂಗು ಹಿಡಿದು, ಹೊತ್ತುಹೊತ್ತಿಗೆ ಕುಡಿಸಿದ್ದಳು.

ಮಧ್ಯಾಹ್ನ ಕಳೆದಿತ್ತು. ಪಕ್ಕದ ಮನೆಯಾಕೆ ಗೋಡೆಯ ಮೇಲಿನಿಂದ ತಲೆ ಹಾಕಿದಳು.

"ಮಗೂಗೆ ಕೆಮ್ಮಿನ ಔಷಧಿ ಏನಾದ್ರೂ ಹಾಕ್ತಿದೀರೇನಮ್ಮ? ಫೋನಲ್ಲಿ ಬಂದಿದೆ. ಯಾವುದೋ ಸಿರಪ್ಪು ಕುಡಿದು ಮಕ್ಕಳು ಹೋಗಿಬಿಟ್ಟಿದಾವಂತೆ."

ಅಜ್ಜಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಮಗಳು ಫೋನು ಕೈಗೆತ್ತಿಕೊಂಡು, "ಸುಮ್ನಿರಿ ಆಂಟಿ, ನಿಮ್ಮ ಫೋನಿಗೆ ದಿನಾ ಒಂದು ಪ್ರಳಯ ಬರುತ್ತೆ. ಸರ್ಕಾರದವರೇ ಹಾಕಿರ್ತಾರೆ, ನೋಡೋಣ," ಎಂದಳು. ದನಿ ಮಾತ್ರ ಆ ಮಾತಿನಷ್ಟು ಗಟ್ಟಿಯಾಗಿರಲಿಲ್ಲ.

ಅಜ್ಜ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರವನ್ನು ತೆಗೆಯದೆಯೇ ಎದ್ದು ಬಂದು ಮಗಳ ಹೆಗಲ ಹಿಂದೆ ನಿಂತ. ಮೊದಲು ಬಂದ ಪುಟದಲ್ಲಿ ರಾಜಮುದ್ರೆಯಂಥ ಚಿತ್ರ, ಕೆಂಪು ಅಕ್ಷರ. ನಿಮ್ಮ ಔಷಧಿ ಪರೀಕ್ಷಿಸಲು ಫೋನ್ ನಂಬರು ಕೊಡಿ, ಶುಲ್ಕ ಕಟ್ಟಿ ಎಂದಿತ್ತು.

"ಇದೇ ಅಲ್ವೇನೇ, ಮುದ್ರೆ ಇದೆಯಲ್ಲ," ಎಂದ ಅಜ್ಜ.

"ಮುದ್ರೆ ಯಾರು ಬೇಕಾದ್ರೂ ಹಾಕ್ಕೋತಾರಪ್ಪ. ಮೇಲಿರೋ ವಿಳಾಸ ನೋಡು, ಸರ್ಕಾರದ್ದು ಹೀಗೆ ಮುಗಿಯಲ್ಲ. ಮಗು ಜೀವದ ವಿಷಯ ಹೇಳೋಕೆ ಅವರು ದುಡ್ಡೂ ಕೇಳಲ್ಲ," ಎಂದು ಮಗಳು ಅದನ್ನು ಮುಚ್ಚಿದಳು. ಆರೋಗ್ಯ ಇಲಾಖೆಯ ಪುಟ ಹುಡುಕಿದಳು. ಅದು ಬಣ್ಣವಿಲ್ಲದ, ಸಪ್ಪೆ ಪುಟ. ಮಾರಾಟದಿಂದ ಹಿಂದಕ್ಕೆ ಪಡೆದ ಔಷಧಿಗಳು ಎಂಬ ಸಾಲನ್ನು ಒತ್ತಿದಳು. ಒಂದೊಂದೇ ಹೆಸರು ಮೇಲೇರಿತು. ಮಗಳ ಬೆರಳು ನಿಂತಿತು.

ಅವರ ಮನೆಯ ಸಿರಪ್ಪಿನ ಹೆಸರು ಅಲ್ಲಿತ್ತು.

ಅಜ್ಜಿ ಅಲ್ಲೇ ಕೆಳಗೆ ಕೂತಳು. ಮಗಳು ಓದತೊಡಗಿದಳು. ಈ ಹೆಸರಿನ ಎಲ್ಲ ಸೀಸೆಗಳೂ ಕೆಟ್ಟವಲ್ಲ. ಕೆಳಗೆ ಕೊಟ್ಟ ಬ್ಯಾಚ್ ನಂಬರಿನವು ಮಾತ್ರ ವಿಷ. ಕುಡಿದ ಮಗುವಿಗೆ ವಾಂತಿಯಾಗಬಹುದು, ಮಂಪರು ಬರಬಹುದು. ಮೂತ್ರ ಕಡಿಮೆಯಾದರೆ ಅಥವಾ ನಿಂತರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಮೂವರೂ ಒಟ್ಟಿಗೇ ತೊಟ್ಟಿಲ ಕಡೆ ತಿರುಗಿದರು. ಪುಟ್ಟಿ ಬೆಳಗಿನಿಂದ ಮಲಗೇ ಇತ್ತು. ಕೆಮ್ಮು ತಗ್ಗಿತೆಂದು ಎಲ್ಲರೂ ಸಮಾಧಾನಪಟ್ಟಿದ್ದ ಅದೇ ನಿದ್ದೆ ಈಗ ಬೇರೆಯಾಗಿ ಕಂಡಿತು. ಅಜ್ಜಿ ಚಡ್ಡಿಯೊಳಗೆ ಕೈ ಹಾಕಿ ನೋಡಿದಳು.

"ಒಣಗಿದೆ," ಎಂದಳು. "ಬೆಳಿಗ್ಗೆ ಹಾಕಿದ್ದೇ ಇದು. ಒಣಗೇ ಇದೆ."

ಮಗಳು ಪುಟದ ಬುಡದಲ್ಲಿದ್ದ ಸಹಾಯವಾಣಿಗೆ ಫೋನು ಹಚ್ಚಿದಳು. ಆ ಕಡೆಯ ಗಂಡಸು ಸಾವಧಾನವಾಗಿ ಕೇಳಿಸಿಕೊಂಡ. "ತಡ ಮಾಡಬೇಡಿ ತಾಯಿ, ಹೊರಡಿ. ದೊಡ್ಡಾಸ್ಪತ್ರೆಗೆ ನಾನು ತಿಳಿಸ್ತೀನಿ. ಬ್ಯಾಚ್ ನಂಬರು ಓದಿ ಹೇಳ್ತೀರಾ? ಅದೇ ವಿಷ ಅಂತ ಖಾತ್ರಿಯಾದ್ರೆ ಹೋದ ತಕ್ಷಣ ಮದ್ದು ಶುರು ಮಾಡ್ತಾರೆ. ಇಲ್ಲಾಂದ್ರೆ ಪರೀಕ್ಷೆ ಮಾಡೋವರೆಗೂ ಕಾಯಬೇಕಾಗುತ್ತೆ. ಸೀಸೆ ಮೇಲಿರುತ್ತೆ ನೋಡಿ."

ಅಜ್ಜಿ ಸೀಸೆ ತಂದಳು. ಕನ್ನಡಿಯ ಹಾಗೆ ತೊಳೆದಿದ್ದ ಸೀಸೆ. ಮೈಮೇಲೆ ಒಂದು ಅಕ್ಷರವಿಲ್ಲ.

"ಸೀಸೆ ಮೇಲಿಲ್ಲ," ಎಂದಳು ಮಗಳು.

"ಹಾಗಾದ್ರೆ ಡಬ್ಬಿ ಮೇಲಿರುತ್ತೆ ತಾಯಿ."

ಎಲ್ಲರ ಕಣ್ಣು ಪರದೆಯ ಕಡೆಗೆ ಹೋಯಿತು.

ಟ್ಯಾಕ್ಸಿಗೆ ಹೇಳಿದ್ದಾಯಿತು. ಸೇತುವೆಯಾಚೆಯಿಂದ ಬರಬೇಕು. ಅದು ಬರುವಷ್ಟರಲ್ಲಿ ಡಬ್ಬಿ ಸಿಗಬೇಕು. ಅಜ್ಜ ಅಂಗಡಿಯ ನಡುವೆ ನಿಂತು ಸುತ್ತ ನೋಡಿದ. ಎತ್ತ ನೋಡಿದರೂ ಬಿಳುಪು. ಯಾವ ತಿಂಗಳಲ್ಲಿ ಯಾವುದನ್ನು ಮಗುಚಿದೆ ಎಂಬುದು ತಲೆಯಿಂದ ಒರೆಸಿ ಹೋಗಿತ್ತು. ಮನುಷ್ಯನಿಗೆ ನಿಜವಾದ ಭಯ ಬಂದಾಗ ದೇವರ ಹೆಸರೂ ಪೂರ್ತಿ ಬಾಯಿಗೆ ಬರುವುದಿಲ್ಲ. ಅಜ್ಜ ಮೊದಲ ಅಕ್ಷರವನ್ನೇ ಮತ್ತೆ ಮತ್ತೆ ಹೇಳುತ್ತ ಚಿಕ್ಕ ಚಾಕು ತೆಗೆದುಕೊಂಡ.

ಮೊದಲನೆಯ ಡಬ್ಬಿಯ ತಿರುಪುಗಳನ್ನು ಹುಷಾರಾಗಿ ಬಟ್ಟಲಿಗೆ ಸುರಿದ. ಅಂಟು ಸೀಳಿ ನೋಡಿದ. ಸೋಪು. ಎರಡನೆಯದು ಹಲ್ಲುಪುಡಿ. ಮೂರನೆಯದಕ್ಕೆ ಬಟ್ಟಲು ಸಿಗಲಿಲ್ಲ. ಮೇಜಿನ ಮೇಲೆ ಸುರಿದ. ಆಮೇಲೆ ಮೇಜೂ ಸಾಲದೆ ನೆಲಕ್ಕೇ ಸುರಿದ. ಹೂವಿನ ಎಸಳಿಗಿಂತ ಹಗುರಾದ ಸ್ಪ್ರಿಂಗುಗಳು, ಹಲ್ಲಿನ ಚಕ್ರಗಳು, ಒಂದಕ್ಕೊಂದು ಸಂಬಂಧವಿಲ್ಲದ ಮುಳ್ಳುಗಳು, ಎಲ್ಲ ಕಲಸಿ ಕಾಲಡಿ ಚರಗುಟ್ಟಿದವು. ಜೀವಮಾನವಿಡೀ ಒಂದೊಂದಾಗಿ ಆರಿಸಿಟ್ಟದ್ದು.

"ನಾನೇ ಕುಡಿಸಿದೆ," ಎಂದಳು ಅಜ್ಜಿ ಪರದೆಯ ಬಳಿ ನಿಂತು. "ಬೇಡ ಅಂತ ಮುಖ ತಿರುಗಿಸ್ತು. ಮೂಗು ಹಿಡಿದು ಕುಡಿಸಿದೆ."

"ಅಳೋದು ಆಮೇಲೆ. ಆ ಮೇಲಿನ ಸಾಲು ಇಳಿಸು ಬಾ."

ಅಜ್ಜಿ ಸ್ಟೂಲು ಹತ್ತಿ ಎರಡು ಕೈಯಲ್ಲೂ ಬಾಚಿ ಕೆಳಗೆ ಹಾಕಿದಳು. ತಿರುಪು ಅವಳ ಸೆರಗಿಗೆ, ಕೂದಲಿಗೆ ಉದುರಿತು. ತೊಳೆಯದ ಧೂಳು ಅವಳ ಮುಖವನ್ನೆಲ್ಲ ಮೆತ್ತಿಕೊಂಡಿತು. ಒರೆಸಿಕೊಳ್ಳಲಿಲ್ಲ. ಡಬ್ಬಿಗಳು ಸೀಳಿದ ಹಾಗೆ ಬೇರೆ ಬೇರೆ ಔಷಧಿಗಳು ಹೊರಬಂದವು. ಅವಳ ಮಂಡಿನೋವಿನದು, ಅವನ ಕಣ್ಣಿನದು, ಮಗಳ ಬಾಣಂತನದ್ದು. ಬೇಕಾದದ್ದು ಮಾತ್ರ ಇಲ್ಲ.

ಹೊರಗೆ ಟ್ಯಾಕ್ಸಿಯ ಹಾರನ್ನು ಕೇಳಿತು.

"ಅಪ್ಪ, ಸಾಕು, ನಡಿ," ಎಂದಳು ಮಗಳು. ಕೂಸು ಅವಳ ಹೆಗಲ ಮೇಲೆ ಹತ್ತಿಯ ಗಂಟಿನ ಹಾಗೆ ಜೋತುಬಿದ್ದಿತ್ತು. ಅದರ ಬರಿಯ ಪಾದ ಅಜ್ಜನ ಕಣ್ಣಿನ ನೇರಕ್ಕೆ ಬಂತು.

ಬರಿಯ ಪಾದ. ಗೆಜ್ಜೆ ಎಲ್ಲಿ?

ಹೋದ ಸಲ ಕೆಮ್ಮು ಬಂದಾಗ, ಮಗ್ಗುಲಾದರೂ ಗೆಜ್ಜೆ ಸದ್ದಿಗೆ ಎಚ್ಚರಾಗುತ್ತದೆಂದು ಮಗಳು ಬಿಚ್ಚಿ ಕೊಟ್ಟಿದ್ದಳು. ಕೊಂಡಿಯೂ ಸಡಿಲಾಗಿತ್ತು. ಸರಿ ಮಾಡಿಕೊಡುತ್ತೇನೆಂದು ಅಜ್ಜ ಇಸಿದುಕೊಂಡಿದ್ದ. ಹಲಗೆಯ ಮೇಲಿಡುವ ಸಾಮಾನಲ್ಲ ಅದು. ಮೇಜಿನ ಖಾನೆ ಎಳೆದ. ಒಳಗೆ ಒಂಟಿ ಡಬ್ಬಿ. ಮೇಲೆ ಅವನದೇ ಮೊಂಡು ಪೆನ್ಸಿಲು: ನಮ್ಮ ಪುಟ್ಟಿಯದು.

 ಅಂಗೈಗೆ ಗೆಜ್ಜೆ ಸುರಿದುಕೊಂಡು ರಟ್ಟನ್ನು ಸೀಳಿ ಬಿಡಿಸಿದ. ಅದೇ ಹೆಸರು. ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ಮಸೂರದ ಕಣ್ಣನ್ನು ಹತ್ತಿರ ತಂದು ಒಂದೊಂದೇ ಓದಿದ. ಮಗಳು ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದು ಕೈಯ ಫೋನಿನಲ್ಲಿ ಬೆರಳು ಓಡಿಸಿದಳು.

ಎರಡು ಸಲ ಹೋಲಿಸಿ ನೋಡಿದಳು.

"ಇದೆ ಅಪ್ಪ," ಎಂದಳು. "ಇದೇ ನಂಬರು."

ಅಜ್ಜಿ ತಲೆಯಲ್ಲಿ ತಿರುಪು ಹೊತ್ತುಕೊಂಡೇ ಟ್ಯಾಕ್ಸಿ ಹತ್ತಿದಳು. ಬಾಗಿಲಿಗೆ ಬೀಗ ಹಾಕಲು ಯಾರಿಗೂ ನೆನಪಾಗಲಿಲ್ಲ.

ಕೂಸು ಅಜ್ಜನ ತೊಡೆಯ ಮೇಲಿತ್ತು. ಮುಂದೆ ಕೂತಿದ್ದ ಮಗಳು ಸಹಾಯವಾಣಿಯವನಿಗೆ ನಂಬರನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಸೇತುವೆಯ ಮೇಲೆ ಗಾಡಿಗಳ ಸಾಲು ನಿಂತಿತ್ತು. ಅಜ್ಜ ಕೂಸಿನ ಎದೆಯ ಮೇಲೆ ಅಂಗೈ ಇಟ್ಟ. ಗಡಿಯಾರದ ಮಿಡಿತವನ್ನು ಬೆರಳ ತುದಿಯಿಂದಲೇ ಅರಿಯುವ ಆ ಕೈಗೆ ಇದು ಸರಿಯೋ ತಪ್ಪೋ ಎಂದು ಮಾತ್ರ ತಿಳಿಯಲಿಲ್ಲ. ಸುಮ್ಮನೆ ಇಟ್ಟುಕೊಂಡಿದ್ದ. ಕೊಟ್ಟವನೇ ಕಾಯಬೇಕು ಎಂದುಕೊಂಡ. ಅಷ್ಟು ಬಿಟ್ಟರೆ ಬೇರೆ ಪ್ರಾರ್ಥನೆ ಬರಲಿಲ್ಲ.

ಸಾಲು ಮೆಲ್ಲಗೆ ಕದಲಿತು. ಆಸ್ಪತ್ರೆಯ ಗೇಟಿನಲ್ಲಿ ಗಾಡಿ ಒಮ್ಮೆ ಕುಲುಕಿತು. ಪುಟ್ಟಿ ಕಣ್ಣು ಬಿಟ್ಟು, ಅಜ್ಜನ ಕಣ್ಣಿಗೆ ಅಂಟಿಕೊಂಡೇ ಇದ್ದ ಮಸೂರವನ್ನು ನೋಡಿ, ಹುಬ್ಬು ಗಂಟಿಕ್ಕಿತು.

ಅಜ್ಜ ಕೂತಲ್ಲೇ ಸೆಟೆದ.

"ಏನ್ರೀ? ಏನಾಯ್ತು?" ಅಜ್ಜಿಯ ದನಿ ಬಿದ್ದುಹೋಗಿತ್ತು.

"ಒದ್ದೆ," ಎಂದ ಅಜ್ಜ.

ಅಜ್ಜಿ ಅವನ ತೊಡೆ ಮುಟ್ಟಿದಳು. ಹೊರಗಿನದೇನು ಮುಟ್ಟಿದರೂ ಕೈ ತೊಳೆಯುವವಳು, ಆ ಕೈಯನ್ನು ಹಾಗೇ ಕಣ್ಣಿಗೆ ಒತ್ತಿಕೊಂಡಳು.

ಬಾಗಿಲಲ್ಲೇ ಕಾಯುತ್ತಿದ್ದ ಡಾಕ್ಟರಮ್ಮ ಮಗುವನ್ನು ಎತ್ತಿಕೊಂಡಳು. ಸೀಳಿದ ರಟ್ಟನ್ನು ಓದಿ ನರ್ಸಿನ ಕೈಗೆ ಕೊಟ್ಟಳು. "ಅದೇ. ಮದ್ದು ತನ್ನಿ, ರಕ್ತಾನೂ ತಗೊಳ್ಳಿ," ಎಂದಳು. ಆಮೇಲೆ ಅಜ್ಜನ ಕಡೆ ತಿರುಗಿದಳು. "ರಾತ್ರಿಯೆಲ್ಲ ನೋಡಬೇಕಾಗುತ್ತೆ. ಈಗಲೇ ಏನೂ ಹೇಳೋ ಹಾಗಿಲ್ಲ. ಮಗು ಕೊನೇ ಸಲ ಮೂತ್ರ ಮಾಡಿದ್ದು ಯಾವಾಗ?"

ಅಜ್ಜ ಮಣಿಕಟ್ಟು ನೋಡಿಕೊಂಡ. ಊರಿಗೆಲ್ಲ ಹೊತ್ತು ಸರಿಮಾಡಿ ಕೊಡುವವನ ಕೈಯಲ್ಲಿ ಗಡಿಯಾರವಿರಲಿಲ್ಲ. ಮುಷ್ಟಿಯಲ್ಲಿ ಗೆಜ್ಜೆ ಮಾತ್ರ ಇತ್ತು.

"ಈಗಷ್ಟೇ ತಾಯಿ," ಎಂದ. "ಇನ್ನೂ ಬೆಚ್ಚಗಿದೆ."