ನಿಂಬೆಹಳದಿ ಗೋಡೆ

ನಾವು ಮದುವೆಯಾದಾಗ ಡಂಕನ್ ಇನ್ನೂ ಲೆಫ್ಟಿನೆಂಟ್. ಅವನು ಕ್ಯಾಪ್ಟನ್, ಮೇಜರ್, ಕರ್ನಲ್ ಎಂದು ಮೇಲೇರುತ್ತ ಹೋದಂತೆ ನನ್ನ ಅಡುಗೆಮನೆ ಇಂಗ್ಲೆಂಡಿನ ಕ್ಯಾಟರಿಕ್‌ನಿಂದ ಜರ್ಮನಿಗೆ, ಅಲ್ಲಿಂದ ಸೈಪ್ರಸ್‌ಗೆ, ಮತ್ತೆ ಇಂಗ್ಲೆಂಡಿನ ಟಿಡ್ವರ್ತ್‌ಗೆ ಗಂಟುಮೂಟೆ ಕಟ್ಟಿತು. ಅವನ ಭುಜದ ಮೇಲಿನ ಬಿಲ್ಲೆಗಳು ಬದಲಾದವು, ನನ್ನ ಗೋಡೆ ಬದಲಾಗಲಿಲ್ಲ. ಸೇನೆಯ ಮನೆಗಳೆಲ್ಲ ಕೆನೆಬಣ್ಣ. ಬೇರೆ ಬಣ್ಣ ಬಳಿದರೆ, ಮನೆ ಬಿಡುವ ಮುನ್ನ ಮತ್ತೆ ಕೆನೆಬಣ್ಣ ಬಳಿದು, ಒಲೆ ತಿಕ್ಕಿ, ತಪಾಸಣೆಯವನ ಎದುರು ನಿಲ್ಲಬೇಕು. ಅವನು ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿ ಧೂಳು ಹುಡುಕುತ್ತಾನೆ. ಮೊಳೆಯ ತೂತುಗಳಿಗೆ ನಾವು ಹೆಂಗಸರು ಟೂತ್‌ಪೇಸ್ಟ್ ಮೆತ್ತುತ್ತಿದ್ದೆವು. ಇಡೀ ರೆಜಿಮೆಂಟಿನ ಗೋಡೆಗಳು ಪುದೀನದ ವಾಸನೆ ಹೊಡೆಯುತ್ತಿದ್ದವು.

ನಿವೃತ್ತಿಯಾದ ಮೇಲೆ ಡಾರ್ಸೆಟ್‌ನಲ್ಲಿ ಸ್ವಂತ ಮನೆ ಕೊಂಡೆವು. ನಾನು ಮಗಳ ಹೆರಿಗೆಗೆಂದು ಹೋಗಿ ಬರುವಷ್ಟರಲ್ಲಿ ಡಂಕನ್ ಮನೆಗೆಲ್ಲ ಬಣ್ಣ ಹೊಡೆಸಿ ಬಾಗಿಲಲ್ಲಿ ಕಾಯುತ್ತಿದ್ದ.

"ಹೇಗಿದೆ?"

ಕೆನೆಬಣ್ಣ.

"ಅಚ್ಚುಕಟ್ಟಾಗಿದೆ" ಎಂದೆ. ಅವನ ಮುಖದಲ್ಲಿ ಪದಕ ಸಿಕ್ಕಿದಂಥ ಸಂತೋಷವಿತ್ತು.

ತಿಂಗಳುಗಳು ಕಳೆದರೂ ನಮ್ಮ ಚಿತ್ರಗಳು ಗೋಡೆಗೊರಗಿ ನೆಲದ ಮೇಲೇ ಇದ್ದವು. ಮೊಳೆ ಹೊಡೆಯಲು ಇಬ್ಬರಿಗೂ ಕೈ ಬರಲಿಲ್ಲ. ಒಂದು ದಿನ ಪಕ್ಕದ ಮನೆಯ ಮೌರೀನ್ ಚಹಾಕ್ಕೆ ಬಂದಳು.

"ಅಯ್ಯೋ, ಆಗಲೇ ಮನೆ ಖಾಲಿ ಮಾಡ್ತಿದೀರಾ?"

"ಇಲ್ಲ ಮೌರೀನ್, ಇಲ್ಲೇ ಇರ್ತೀವಿ."

"ಮತ್ತೆ ಇವೆಲ್ಲ ಯಾಕೆ ಸಾಲಾಗಿ ಕೂತಿವೆ? ಬಸ್ಸಿಗೆ ಕಾಯ್ತಿವೆಯಾ?"

ಅವಳು ಹೋದ ಮೇಲೂ ಆ ಮಾತು ಹೋಗಲಿಲ್ಲ. ಮರುದಿನ ಬಣ್ಣದಂಗಡಿಗೆ ಹೋದೆ. "ನಿಮಗೆ ಯಾವ ಬಣ್ಣ ಇಷ್ಟ?" ಎಂದಳು ಅಂಗಡಿಯ ಹುಡುಗಿ. ಡಂಕನ್‌ಗೆ ಮೊಟ್ಟೆ ಎಷ್ಟು ಬೇಯಬೇಕು, ಯಾವ ಬ್ರಿಗೇಡಿಯರನ ಹೆಂಡತಿಗೆ ಯಾವ ಶೆರಿ ವೈನ್ ಇಷ್ಟ, ಎಲ್ಲ ಬಲ್ಲೆ. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಆಗ ಸೈಪ್ರಸ್‌ನ ಅಂಗಳದ ನಿಂಬೆಮರ ನೆನಪಾಯಿತು. ಕಿಟಕಿಯಾಚೆ ಅಷ್ಟು ಹಳದಿ, ಈಚೆ ಕೆನೆ.

ಅಡುಗೆಮನೆಯ ಅರ್ಧ ಗೋಡೆಗೆ ನಿಂಬೆಹಳದಿ ಬಳಿದು ಮುಗಿದಿತ್ತು. ಡಂಕನ್ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸೈನಿಕರ ಸಾಲನ್ನು ನೋಡುವಂತೆ ಗೋಡೆಯುದ್ದಕ್ಕೂ ನಡೆದ. ಬೇಡ ಎಂದರೆ ನಾನು ಕುಂಚ ಕೆಳಗಿಡುತ್ತೇನೆ, ಅದು ನನಗೆ ಗೊತ್ತು.

"ಪಿಪ್ಪಾ, ಹಳದಿ ಮೇಲೆ ಕೆನೆ ಸುಲಭಕ್ಕೆ ಕೂರಲ್ಲ ಕಣೆ. ಮನೆ ಬಿಡುವಾಗ ಕಷ್ಟ ಆಗುತ್ತೆ."

"ಬಿಟ್ಟು ಎಲ್ಲಿಗೆ ಹೋಗ್ತೀವಿ, ಡಂಕನ್?"

ಅವನು ಕಿಟಕಿಯಾಚೆ, ಚರ್ಚಿನ ಹಿಂದಿನ ಗೋರಿಗಳತ್ತ ನೋಡಿದ.

"ಇನ್ನು ಪೋಸ್ಟಿಂಗ್ ಅಂದ್ರೆ ಆ ಚರ್ಚಿನ ಹಿತ್ತಲು, ಅಷ್ಟೇ."

"ಅಲ್ಲಿಗೆ ಹೊರಟಾಗ ಈ ಮನೆಗೆ ಬಣ್ಣ ಬಳಿಯೋದು ಮಗಳ ಪಾಡು."

ಅವನ ಮೀಸೆ ಮೊದಲು ನಡುಗಿತು, ಆಮೇಲೆ ಹೊಟ್ಟೆ. ನಗು ನಿಂತ ಮೇಲೆ ಸುತ್ತಿಗೆ ತಂದ.

ಬಣ್ಣ ಒಣಗಿದ ದಿನ ನಾನು ಚಿತ್ರ ಹಿಡಿದು ನಿಂತೆ. ಅಷ್ಟು ವರ್ಷ ಸೇನೆ ನಡೆಸಿದವನ ಮೊದಲ ಮೊಳೆ ಸೊಟ್ಟಗಾಗಿ, ತೂತು ಬಿಟ್ಟು ಕೆಳಗೆ ಬಿತ್ತು. ನಾವಿಬ್ಬರೂ ತೂತನ್ನೇ ನೋಡಿದೆವು.

"ಟೂತ್‌ಪೇಸ್ಟ್ ತರ್ಲಾ?" ಎಂದ.

"ಬೇಡ, ಇರ್ಲಿ ಬಿಡು. ನಮ್ಮದೇ ತೂತು."