ಆ ಕೂಗಿಗೆ ಓಗೊಡುವವರು

ಟೈಲರಮ್ಮನ ಮನೆಯಲ್ಲಿ ಮಗು ‘ಅಮ್ಮಾ’ ಎಂದು ಕೂಗಿದರೆ ಓಗೊಡುವ ಹಕ್ಕು ಟೈಲರಮ್ಮನೊಬ್ಬಳದೇ. ಅದನ್ನು ಹೆತ್ತ ದೊಡ್ಡ ಮಗಳು ತುಟಿ ಹೊಲಿದುಕೊಂಡು ಕೂರಬೇಕು. ಹೆರಿಗೆಯಾದ ದಿನವೇ ತಾಯಿ ಮಾತು ತೆಗೆದುಕೊಂಡಿದ್ದಳು: “ಇದು ನಿನ್ನ ತಂಗಿ. ನೀನು ಅಕ್ಕ. ತಿಳೀತಾ?”

ಹೈಸ್ಕೂಲು ಮುಗಿಸದ ಹುಡುಗಿಗೆ ಏನು ತಿಳಿಯುತ್ತದೆ, ಮಣ್ಣು! ತಿಳಿದಿದ್ದವಳು ತಾಯಿ. ಮಗಳ ಯೂನಿಫಾರ್ಮಿನ ಸೊಂಟ ಬಿಚ್ಚಿ ಬಿಚ್ಚಿ ಅಗಲ ಮಾಡಿ ಹೊಲಿದವಳು ಅವಳೇ. ಒಂದು ದಿನವೂ ಯಾಕೆಂದು ಕೇಳಲಿಲ್ಲ. ಆಮೇಲೆ ಮನೆ ಬದಲಾಯಿಸಿದರು. ಹೊಸ ಬೀದಿಯವರ ಲೆಕ್ಕದಲ್ಲಿ ಟೈಲರಮ್ಮನಿಗೆ ಇಬ್ಬರು ಹೆಣ್ಣುಮಕ್ಕಳು, ಅಷ್ಟೆ. ಮಗುವಿಗೆ ಕಾರಣನಾದ ಆ ಹುಡುಗನೋ, ಪರೀಕ್ಷೆ ಬರೆದ, ಪಾಸಾದ, ಈಗ ಪೇಟೆಯಲ್ಲಿ ಎದುರಾದರೆ ಫೋನು ನೋಡಿಕೊಂಡು ದಾಟಿಹೋಗುತ್ತಾನೆ. ಪುಣ್ಯವಂತ.

ದೊಡ್ಡವಳನ್ನು ಕಾಡುವುದು ಅವನಲ್ಲ, ಒಂದು ಕೂಗು. ಹೆರಿಗೆ ಕೋಣೆಯಲ್ಲಿ ನೋವು ತಡೆಯಲಾರದೆ ‘ಅಮ್ಮಾ’ ಎಂದು ಅವಳೇ ಕೂಗಿದ್ದಳು. ಬಾಗಿಲಾಚೆ ತಾಯಿಯ ಕೆಮ್ಮು ಕೇಳುತ್ತಿತ್ತು. ಕೆಮ್ಮಿದಳೇ ಹೊರತು ‘ಓ’ ಎನ್ನಲಿಲ್ಲ. ಮಿಷನ್ ತುಳಿಯುವಾಗ, ನಲ್ಲಿ ಬಿಟ್ಟಾಗ ಆ ಕೂಗು ಈಗಲೂ ಕೇಳುತ್ತದೆ. ಕೆಲಸ ನಿಲ್ಲಿಸಿ ಕಿವಿಗೊಟ್ಟರೆ ಏನೂ ಇರುವುದಿಲ್ಲ.

ಮಗುವನ್ನು ಎಲ್ಲರೂ ಗುಂಡಿ ಎನ್ನುತ್ತಾರೆ. ತೆವಳುವ ವಯಸ್ಸಿನಲ್ಲಿ ಅಂಗಿಯ ಗುಂಡಿ ನುಂಗಿ ಎಲ್ಲರ ಜೀವ ಬಾಯಿಗೆ ತಂದಿದ್ದಳು. ದೊಡ್ಡವಳು ಅವಳನ್ನು ‘ಬಾರಮ್ಮ’, ‘ತಿನ್ನಮ್ಮ’ ಎಂದೇ ಕರೆಯುತ್ತಾಳೆ. ಹಾಗೆ ಮುದ್ದು ಮಾಡುವುದನ್ನು ಯಾರೂ ತಡೆಯುವಂತಿಲ್ಲವಲ್ಲ. ಆ ಪದ ಹಾಗಾದರೂ ಇಬ್ಬರ ನಡುವೆ ಓಡಾಡಿಕೊಂಡಿರಲಿ ಎಂದು ಅವಳ ಆಸೆ.

ಅವತ್ತು ಮಧ್ಯಾಹ್ನ ಟೈಲರಮ್ಮ ದಾರ ತರಲು ಹೋಗಿದ್ದಳು. ದೊಡ್ಡವಳು ಮಿಷನ್ ಮುಂದೆ ಕೂತಿದ್ದಾಗ ಕೇಳಿತು: “ಅಮ್ಮಾ.” ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ. ಹಳೇ ಭೂತ, ಬಂದು ಹೋಗಲಿ ಎಂದುಕೊಂಡಳು. ಇನ್ನೊಮ್ಮೆ ಕೇಳಿತು. ಆಗಲೂ ಏಳಲಿಲ್ಲ. ಆಮೇಲೆ ಬಾಗಿಲು ಬಡಿಯುವ ಸದ್ದು. ಗುಂಡಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಾಳೆ, ಗಾಬರಿಗೆ ತೆಗೆಯಲು ಬರುತ್ತಿಲ್ಲ.

ದೊಡ್ಡವಳು ಮಿಷನ್ ಬಿಟ್ಟು ಎದ್ದಳು. ಅಯ್ಯೋ, ಕೂತಲ್ಲೇ ಕೂತು ಕೂಗಿಸಿದೆನಲ್ಲ, ನಾನೂ ಅಮ್ಮನಂತೆಯೇ ಆದೆನಲ್ಲ ಎಂದು ಓಡಿದಳು. ಕೊಟ್ಟ ಮಾತು ಮರೆತೇಹೋಯಿತು.

“ಓ, ಬಂದೆ ಕಣಮ್ಮ. ಅಮ್ಮ ಇಲ್ಲೇ ಇದೀನಿ, ಹೆದರ್ಬೇಡ.”

ಒಳಗೆ ಅಳು ನಿಂತಿತು.

“ನೀನು ಅಕ್ಕ,” ಎಂದಿತು ಮಗು. “ಸುಳ್ಳು ಹೇಳ್ಬೇಡ. ಅಮ್ಮನ್ನ ಕರಿ.”

“ಮೊದ್ಲು ಚಿಲಕ ಎಳಿ, ಚಿನ್ನ.”

“ಅಮ್ಮ ಬಂದ್ರೇನೇ.”

ಹಿಂದೆ ಯಾರೋ ಕೆಮ್ಮಿದರು. ಟೈಲರಮ್ಮ ದಾರದ ಪೊಟ್ಟಣ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು. ಬೈಯಲಿಲ್ಲ.

ದೊಡ್ಡವಳು ಪಕ್ಕಕ್ಕೆ ಸರಿದಳು. “ಕರೀತಿದಾಳಮ್ಮ. ಓ ಅನ್ನು. ಈ ಸಲನಾದ್ರೂ ಅನ್ನು.”

ಟೈಲರಮ್ಮ ದಾರದ ಪೊಟ್ಟಣ ಕೆಳಗಿಟ್ಟಳು. ಬಾಗಿಲಿಗೆ ಕೆನ್ನೆ ಒತ್ತಿ, “ಓ, ಬಂದೆ ಮಗಳೇ,” ಎಂದಳು. “ಇಲ್ಲೇ ಇದೀನಿ.” ನೋಡುತ್ತಿದ್ದುದು ಮಾತ್ರ ದೊಡ್ಡವಳನ್ನು.

ಚಿಲಕ ಸರಿಯಿತು. ಮಗು ಪಕ್ಕದಲ್ಲಿದ್ದ ಹೆತ್ತವಳನ್ನು ಬಿಟ್ಟು, ಅಜ್ಜಿಯನ್ನು ತಬ್ಬಿಕೊಂಡು ‘ಅಮ್ಮಾ’ ಎಂದಿತು. ‘ಓ’ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.