ಕೆಂಪು ಗೆರೆಯ ಕೆಳಗಿನ ಮುಳ್ಳು

ಕುಸುಮಕ್ಕ ವಿಮಾನ ಹತ್ತಲು ಒಪ್ಪಿದ್ದೇ ದೊಡ್ಡ ಸಂಗತಿ. ಮಸ್ಕತ್ತಿನಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ್ದ ಮಗ ರೋಹಿತ್, ಇಬ್ಬರೇ ಕೂರಬಹುದಾದ ಸಣ್ಣ ವಿಮಾನವೊಂದನ್ನು ಕೊಂಡಿದ್ದ. ಪುತ್ತಿಗೆಯ ಆಚೆ ಗೆಳೆಯರೆಲ್ಲ ಸೇರಿ ಸಮತಟ್ಟು ಮಾಡಿಸಿದ ಕೆಂಪು ಮುರಕಲ್ಲಿನ ಬಯಲಿನಿಂದ ಅದನ್ನು ಹಾರಿಸುತ್ತಿದ್ದ. ನೆಂಟರಿಷ್ಟರೆಲ್ಲ ಒಂದೊಂದು ಸುತ್ತು ಹೋಗಿ ಬಂದರೂ ತಾಯಿ ಮಾತ್ರ, "ನನಗೆ ಗುರುವಾಯನಕೆರೆಯ ಬಸ್ಸೇ ಸಾಕು" ಎನ್ನುತ್ತಿದ್ದರು. ಆ ಭಾನುವಾರ ಏನನ್ನಿಸಿತೋ, ಸೀರೆ ಬಿಟ್ಟು ಚೂಡಿದಾರ ತೊಟ್ಟು, ಎಲ್ಲರಿಗಿಂತ ಮೊದಲು ಕಾರಿನಲ್ಲಿ ಹೋಗಿ ಕುಳಿತರು.

ವಿಮಾನದ ರಿಪೇರಿ ಸೊಸೆ ನವ್ಯಾಳ ಪಾಲಿನದು. ಶಾರ್ಜಾದಲ್ಲಿ ವಿಮಾನ ರಿಪೇರಿಯ ಕೆಲಸ ಕಲಿತು, ಪರೀಕ್ಷೆ ಬರೆದು ಲೈಸನ್ಸ್ ಪಡೆದವಳು. ಅವಳು ಹೂಂ ಅನ್ನದೆ ವಿಮಾನ ನೆಲ ಬಿಡಬಾರದೆಂದು ಗಂಡಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು.

ರೋಹಿತ್ ಅಮ್ಮನಿಗೆ ಬೆಲ್ಟು ಕಟ್ಟಿ ಎಂಜಿನ್ ಚಾಲೂ ಮಾಡಿದ. ನವ್ಯಾ ಬಾಗಿಲ ಬಳಿ ನಿಂತು ಮೀಟರುಗಳನ್ನು ನೋಡುತ್ತಿದ್ದಳು. ಎಂಜಿನ್ ಬಿಸಿಯಾಗುತ್ತಿದ್ದಂತೆ ಆಯಿಲ್ ಪ್ರೆಶರಿನ ಮುಳ್ಳು ಮೆಲ್ಲನೆ ಇಳಿಯತೊಡಗಿತು. ಇಳಿದು ಇಳಿದು ಕೆಂಪು ಗೆರೆಯ ಕೆಳಗೆ ಹೋಗಿ ನಿಂತಿತು. ರೋಹಿತ್ ಬೆರಳಿನಿಂದ ಗಾಜಿಗೆ ಕುಟ್ಟಿದ. ಮುಳ್ಳು ಏಳಲಿಲ್ಲ.

"ಆಫ್ ಮಾಡಿ," ಎಂದಳು ನವ್ಯಾ.

"ಮೀಟರ್ ಹಾಳಾದದ್ದು ಮಾರಾಯ್ತಿ. ಎಂಜಿನ್ ಶಬ್ದ ಕೇಳು, ಎಷ್ಟು ಚಂದ ಉಂಟು!"

"ಮೀಟರೇ ಇರಬಹುದು. ನೋಡಿ ಹೇಳ್ತೇನೆ. ಮೊದಲು ಆಫ್ ಮಾಡಿ."

ಅವನು ಆಫ್ ಮಾಡಿ ಇಳಿದು ಬಂದ. ತಾಯಿಗೆ ಕೇಳಿಸದಂತೆ, "ಇವತ್ತು ತಪ್ಪಿದರೆ ಅಮ್ಮ ಇನ್ನು ಒಪ್ಪುವುದಿಲ್ಲ" ಎಂದು ಪಿಸುಗುಟ್ಟಿದ. ಆದರೆ ಕುಸುಮಕ್ಕನ ಕಿವಿ ಚುರುಕು. ಒಳಗಿನಿಂದಲೇ, "ಒಪ್ಪುವುದು ಬಿಡುವುದು ನನ್ನದಲ್ಲವಾ? ಅವಳ ಕೆಲಸ ಅವಳು ಮಾಡಲಿ, ನಾನು ಇಲ್ಲೇ ಕೂತಿರ್ತೇನೆ" ಎಂದರು.

ಬಯಲಿನ ಅಂಚಿನ ಶೆಡ್ಡಿನಲ್ಲಿ ಹೊಸ ಮೀಟರ್ ಒಂದಿತ್ತು. ನವ್ಯಾ ಬ್ಯಾಟರಿಯ ತಂತಿ ಬಿಚ್ಚಿ, ಹಳೆಯದನ್ನು ಕಳಚಿ, ತಂತಿಗಳ ತುದಿ ಉಜ್ಜಿ ಹೊಸದನ್ನು ಕೂರಿಸಿದಳು. ಹೋದ ತಿಂಗಳಷ್ಟೇ ಈ ಎಂಜಿನ್ನಿನ ಸರ್ವಿಸ್ ಮಾಡಿದವಳು ಅವಳೇ. ಕೆಟ್ಟದ್ದು ಮೀಟರೇ ಆಗಿರಲಿ ದೇವರೇ ಎಂದು ಗಂಡನಿಗಿಂತ ಹೆಚ್ಚಾಗಿ ಅವಳೇ ಬಯಸುತ್ತಿದ್ದಳು.

ಮತ್ತೆ ಚಾಲೂ ಮಾಡಿದರು. ಹೊಸ ಮುಳ್ಳೂ ಹಾಗೆಯೇ ಇಳಿದು ಅದೇ ಜಾಗದಲ್ಲಿ ನಿಂತಿತು. ಒತ್ತಡ ಅಳೆದು ಮೀಟರಿಗೆ ತಿಳಿಸುವ ಸೆನ್ಸರನ್ನೂ ಬದಲಿಸಿದಳು. ಆಗಲೂ ಅಷ್ಟೇ.

"ಎರಡು ಮೀಟರೂ ಹಾಳಾ?" ಎಂದ ರೋಹಿತ್. ಹಾಗೆ ಕೇಳುವಾಗ ಅವನ ಸ್ವರದಲ್ಲಿ ಮೊದಲಿನ ಬಿಗಿ ಇರಲಿಲ್ಲ.

ನವ್ಯಾ ಮೂಡುಬಿದಿರೆಯ ಗ್ಯಾರೇಜಿನ ರಮೀಝ್‌ಗೆ ಫೋನ್ ಮಾಡಿದಳು. ತಂತಿ, ಕರೆಂಟು ಯಾವುದೂ ಬೇಡದೆ, ಎಂಜಿನ್ನಿಗೇ ನೇರ ಪೈಪು ಸಿಕ್ಕಿಸಿ ಒತ್ತಡ ನೋಡುವ ಗೇಜ್ ಅವನಲ್ಲಿತ್ತು. ಬೈಕಿನಲ್ಲಿ ಅದನ್ನು ತಂದವನು ವಿಮಾನವನ್ನೊಮ್ಮೆ ಸುತ್ತಿ ಬಂದು, "ಅಕ್ಕ, ಜೆಸಿಬಿಗೆ ಹಾಕುವುದನ್ನು ಇದಕ್ಕೆ ಹಾಕ್ತೀರಲ್ಲ!" ಎಂದು ನಕ್ಕ. ನವ್ಯಾ ಪೈಪು ಸಿಕ್ಕಿಸಿದಳು, ರೋಹಿತ್ ಮತ್ತೆ ಎಂಜಿನ್ ಚಾಲೂ ಮಾಡಿದ. ಮೂರನೆಯ ಮುಳ್ಳೂ ಮೇಲೇಳಲಿಲ್ಲ.

ಅವಳು ಮೀಟರನ್ನಲ್ಲ, ಅತ್ತೆಯ ಮುಖವನ್ನು ನೋಡಿದಳು. ತಾನು ಹೂಂ ಅಂದಿದ್ದರೆ ಆ ಸೀಟಿನಲ್ಲಿ ಕೂತವರನ್ನು ಹೊತ್ತು ವಿಮಾನ ಇಷ್ಟರಲ್ಲಿ ಮೂಡುಬಿದಿರೆ ದಾಟಿರುತ್ತಿತ್ತು. ಎಣ್ಣೆಯ ಒತ್ತಡವಿಲ್ಲದೆ ಎಂಜಿನ್ ಆಕಾಶದಲ್ಲೇ ನಿಂತುಹೋಗಬಹುದಿತ್ತು.

"ಮೀಟರ್ ಸರಿ ಉಂಟು ಅತ್ತೆ. ಎಂಜಿನ್ನಿನಲ್ಲೇ ಏನೋ ಆಗಿದೆ. ಇವತ್ತು ಹೋಗುವುದು ಬೇಡ."

ಕುಸುಮಕ್ಕ ಬೆಲ್ಟು ಬಿಚ್ಚಿಕೊಂಡು ಇಳಿದರು. "ಬೇಡ ಅಂದರೆ ಬೇಡ. ಬುತ್ತಿ ತಂದಿದ್ದೇನೆ, ರಮೀಝ್, ನೀನೂ ಕೂತುಕೋ." ಶೆಡ್ಡಿನ ನೆರಳಲ್ಲಿ ಕುಳಿತು ಎಲ್ಲರೂ ಕೆಸುವಿನೆಲೆಯ ಪತ್ರೊಡೆ ತಿಂದರು. ರೋಹಿತ್ ತಿಂದು ಕೈ ತೊಳೆದವನೇ ಟಾರ್ಚ್ ಹಿಡಿದು ಎಂಜಿನ್ನಿನ ಬಳಿ ಹೋಗಿ ನಿಂತು, "ಎಲ್ಲಿ ಬೆಳಕು ಹಿಡೀಬೇಕು, ಹೇಳು" ಎಂದ.

ಒತ್ತಡ ಜಾಸ್ತಿಯಾದಾಗ ಎಣ್ಣೆಯನ್ನು ಹಿಂದಕ್ಕೆ ಬಿಡುವ ಸಣ್ಣ ವಾಲ್ವೊಂದು ಎಂಜಿನ್ನಿನ ಬದಿಯಲ್ಲಿರುತ್ತದೆ. ನವ್ಯಾ ಅದನ್ನು ಬಿಚ್ಚಿದಳು. ಸ್ಪ್ರಿಂಗಿನ ಕೆಳಗೆ ಸಾಸಿವೆಯಷ್ಟು ಕಸ ಸಿಕ್ಕಿಕೊಂಡು ವಾಲ್ವ್ ಮುಚ್ಚದೆ ಉಳಿದು, ಎಣ್ಣೆಯೆಲ್ಲ ಹಿಂದಕ್ಕೇ ಹರಿದುಹೋಗುತ್ತಿತ್ತು. ಎಣ್ಣೆಯ ಫಿಲ್ಟರ್ ಕೊಯ್ದು ನೋಡಿದರೆ ಲೋಹದ ಚೂರುಗಳೇನೂ ಇಲ್ಲ. ಎಂಜಿನ್ನಿನ ಒಳಭಾಗ ಸವೆದಿಲ್ಲವೆಂದು ಖಾತ್ರಿಯಾದಾಗ ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ನಾನು ಹಾರಿಸಿಯೇ ಬಿಡ್ತಿದ್ದೆ, ನವ್ಯಾ," ಎಂದ ರೋಹಿತ್, ಟಾರ್ಚ್ ಆರಿಸದೆ.

"ಗೊತ್ತುಂಟು. ನನಗೂ ಮೀಟರೇ ಹಾಳಾಗಿರಲಿ ಅಂತಲೇ ಇತ್ತು."

ಬೆಂಗಳೂರಿನಿಂದ ಹೊಸ ವಾಲ್ವ್ ಬಂತು. ಎಣ್ಣೆ ಬದಲಿಸಿ, ನೆಲದಲ್ಲೇ ಎಂಜಿನ್ ಓಡಿಸಿ ನೋಡಿ, ಆಮೇಲೆ ರೋಹಿತ್ ಒಬ್ಬನೇ ಹಾರಿ ಬಂದ ಬಳಿಕವೇ ನವ್ಯಾ ಅತ್ತೆಯನ್ನು ಕರೆದಳು. ಕುಸುಮಕ್ಕ ಎರಡನೆಯ ಸಲ ಕರೆಸಿಕೊಳ್ಳಲಿಲ್ಲ. ವಿಮಾನ ಏರಿ, ಬಿಸಿಲಲ್ಲಿ ಒಮ್ಮೆ ಮಿನುಗಿ, ದಕ್ಷಿಣಕ್ಕೆ ತಿರುಗಿತು. ಶಬ್ದ ಪೂರ್ತಿ ಅಡಗಿದ ಮೇಲೂ ನವ್ಯಾ ಅತ್ತಲೇ ಕಿವಿಗೊಟ್ಟು ನಿಂತಿದ್ದಳು.

ಇಳಿದು ಬಂದ ಕುಸುಮಕ್ಕನ ಕೂದಲು ಕೆದರಿತ್ತು, ಕೆನ್ನೆ ಕೆಂಪಾಗಿತ್ತು. "ಬಂಟ್ವಾಳದ ಹೊಳೆ ಕಂಡಿತು. ಇಷ್ಟು ಸಪೂರ, ನೂಲಿನ ಹಾಗೆ! ವಾಪಸು ಬರುವಾಗ ನಮ್ಮ ಮನೆಯನ್ನೂ ಹುಡುಕಿದೆ ಮಗಾ, ಎಲ್ಲಾ ಒಂದೇ ಹಸಿರು, ಎಲ್ಲಿ ಉಂಟೋ ಗೊತ್ತೇ ಆಗ್ಲಿಲ್ಲ" ಎಂದರು ಸೊಸೆಗೆ.

ನವ್ಯಾ ಎಂಜಿನ್ನಿನ ಅಡಿಯಲ್ಲಿ ಎಣ್ಣೆ ಸೋರಿದೆಯೇ ಎಂದು ಬಟ್ಟೆಯಿಂದ ಒರೆಸಿ ನೋಡುತ್ತಲೇ ನಕ್ಕಳು. ಬಟ್ಟೆ ಒಣಗಿಯೇ ಇತ್ತು.